ಸಾಬರ ಡೇರೆಯಲ್ಲಿ ಭಾಗಮ್ಮ ಮಲಗಿದ್ದು

ವಾಡಿ ಸ್ಟೇಷನ್ನಿನಿಂದ ಹೊರಬಿದ್ದು ಚಹಾದಂಗಡಿಗಳ ಸಾಲು ದಾಟಿದರೆ ಭಾಗಮ್ಮನ ಹೊಲಿಗೆ ಅಂಗಡಿ ಸಿಗುತ್ತದೆ. ಜಂಪರು, ಶಾಲೆಯ ಅಂಗಿ-ಚಡ್ಡಿ, ದಿಂಬಿನ ಚೀಲ, ರೇಲ್ವೆಯವರ ಹಸಿರು ಬಾವುಟ, ಮದುವೆ ಮಂಟಪದ ಪರದೆ, ಯಾವುದಕ್ಕೂ ಆಕೆ ಇಲ್ಲ ಅಂದವಳಲ್ಲ. ಮಷಿನ್ನು ಮೊದಲು ಗೋಡೆಗೆ ಮುಖ ಮಾಡಿತ್ತು. ಮದುವೆಯಾಗಿ ಬಂದಾಗಿನಿಂದ ಆಕೆ ಆ ಗೋಡೆಯನ್ನು ನೋಡುತ್ತ ಕೂತವಳು. ಗಂಡ ಪೀರಪ್ಪ ರೇಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತನಾದವನು. ಈಗ ಮನೆಯ ಕಟ್ಟೆಯ ಮೇಲೆ ಕೂತು, ಹೋಗುವ ಬರುವ ಗಾಡಿಗಳ ಸದ್ದು ಕೇಳಿ ತಡವಾದವಕ್ಕೆ ಬೈಯುವುದು ಅವನ ಕೆಲಸ.

ಒಂದು ದಿನ ಚಿತ್ತಾಪುರದ ಸಿದ್ಧಲಿಂಗ ಮಾಸ್ತರರು ಒಂದು ಥಾನು ಬಟ್ಟೆ ಹಿಡಿದು ಅಂಗಡಿಗೆ ಬಂದರು. ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಾಂಭೀರ್ಯ. ಮೂರು ಮೂಲೆಯ ಸ್ಕಾರ್ಫುಗಳನ್ನು ಹೊಲಿದುಕೊಡಬೇಕು ಅಂದರು.

"ಯಾವ ಸಾಲಿ ಹುಡುಗರಿಗಿ ಸರ?" ಅಂತ ಭಾಗಮ್ಮ ಕೇಳಿದಳು.

"ಹುಡುಗರಿಗಲ್ಲವಾ, ನಮಗ."

ಭಾಗಮ್ಮ ಅವರ ಕೊರಳನ್ನೂ ಹೊಟ್ಟೆಯನ್ನೂ ನೋಡಿದಳು. "ಹಂಗಂದ್ರ ಈ ಅಳತಿ ಸಾಲಂಗಿಲ್ರಿ" ಅಂದಳು.

ಆಗ ಮಾಸ್ತರರು ಕೂತು ವಿವರಿಸಿದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಊರಿನ ದೊಡ್ಡವರು ಸೇರಿ ಮಾಡಿಕೊಂಡ ಸ್ಕೌಟ್ ಗುಂಪು ತಮ್ಮದು, ಹೆಸರು ಕಾಗಿಣಾ ಬಳಗ. ತಿಂಗಳಿಗೊಮ್ಮೆ ಎಲ್ಲಾದರೂ ಗಿಡ ನೆಡುತ್ತಾರೆ, ಜಾತ್ರೆ-ಉರುಸುಗಳಲ್ಲಿ ನೀರು ಹಂಚುತ್ತಾರೆ, ವರ್ಷಕ್ಕೊಮ್ಮೆ ಸಂಕ್ರಾಂತಿ ಮುಗಿದ ಮೇಲೆ ಚಿಂಚೋಳಿ ಕಾಡಿನ ಅಂಚಿಗೆ ಹೋಗಿ ಡೇರೆ ಹಾಕಿಕೊಂಡು ಇರುತ್ತಾರೆ. ಹೆಣ್ಣುಮಕ್ಕಳು ಮಾತ್ರ ಕಡಿಮೆ. "ನೀವೂ ಬರ್ರಿ" ಅಂತ ಎದ್ದು ನಿಂತು ಎಡಗೈ ಚಾಚಿದರು.

"ಬಲಗೈಗಿ ಏನಾಗ್ಯದ್ರಿ?" ಅಂದಳು ಭಾಗಮ್ಮ.

ಸ್ಕೌಟಿನವರು ಎಡಗೈ ಕುಲುಕುವುದು, ಅದು ಹೃದಯದ ಕಡೆಯ ಕೈ ಎಂದು ಮಾಸ್ತರರು ಹೇಳಿದರು. ಎಡಗೈಯ ಮಿಕ್ಕ ಉದ್ಯೋಗಗಳನ್ನು ನೆನೆದು ಭಾಗಮ್ಮ ಅದನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೊಟ್ಟಳು. ಆ ಗೋಡೆ ಬಿಟ್ಟು ಬೇರೆ ಏನನ್ನಾದರೂ ನೋಡುವ ಆಸೆ ಆಕೆಗೆ ಬಹಳ ದಿನದಿಂದ ಇತ್ತು.

ಪೀರಪ್ಪನಿಗೆ ಇದು ಸರಿಬರಲಿಲ್ಲ. "ಈ ವಯಸ್ಸಿನ್ಯಾಗ ಕೊರಳಿಗಿ ಅರಿವಿ ಕಟಗೊಂಡು ಅಡವ್ಯಾಗ ಕುಣೀತಿ? ಮಂದಿ ನೋಡಿ ನಗಂಗಿಲ್ಲೇನು?"

"ನೀವು ಜಿಂದಗಿ ಪೂರಾ ಹಸರು ಝಂಡಾ ಹಿಡ್ಕೊಂಡು ಓಡ್ಯಾಡಿದ್ರಿ. ನಾ ಏನರ ಅಂದೀನೇನು?" ಅಂದಳು ಭಾಗಮ್ಮ. ಪೀರಪ್ಪ ಮತ್ತೆ ಗಾಡಿಗಳ ಕಡೆ ಕಿವಿ ಕೊಟ್ಟ.

ಹೀಗೆ ಭಾಗಮ್ಮ ಕಾಗಿಣಾ ಬಳಗ ಸೇರಿದಳು. ಆ ವರ್ಷದ ಶಿಬಿರ ಕೊಡ್ಲಿ ಊರಿನಿಂದ ಆಚೆ, ಕಾಡು ಶುರುವಾಗುವ ಕಡೆ ಹಳ್ಳದ ದಂಡೆಯ ಮಾವಿನ ತೋಪಿನಲ್ಲಿ. ಲಾರಿಯಿಂದ ಸಾಮಾನು ಇಳಿಸುತ್ತಿದ್ದಂತೆ ಎಲ್ಲರೂ ಸೇರಿ ಮೊದಲು ಒಂದೇ ಒಂದು ಡೇರೆಯನ್ನು, ಒಳ್ಳೆಯ ನೆರಳು ನೋಡಿ, ಬಹಳ ಭಕ್ತಿಯಿಂದ ಕಟ್ಟಿದರು. ಅದರ ಬಾಗಿಲಿಗೆ ಒಂದು ಹಳೆಯ ತಗಡಿನ ಬಕೀಟು ತೂಗುಹಾಕಿದರು. ಉಳಿದ ಡೇರೆಗಳು ಆಮೇಲೆ, ಸಿಕ್ಕ ಸಿಕ್ಕ ಬಿಸಿಲಲ್ಲಿ ಎದ್ದವು. ಹೆಂಗಸರು ನಾಲ್ವರಿಗೆ ಸಿಕ್ಕಿದ್ದು ಇಬ್ಬರಿಗಾಗುವಂಥ ಒಂದು ಡೇರೆ. ಅವರಲ್ಲಿ ಸೇಡಂ ಕಾಲೇಜಿನಲ್ಲಿ ಪಾಠ ಹೇಳುವ ಶಿವರಂಜನಿ ಎತ್ತರದ ಹೆಣ್ಣು. ಆಕೆ ಮಲಗಿದರೆ ಮೊಣಕಾಲಿನಿಂದ ಕೆಳಗಿನ ಭಾಗ ಚಿಂಚೋಳಿ ಕಾಡಿಗೆ ಸೇರುತ್ತಿತ್ತು.

"ಆ ದೊಡ್ಡ ಡೇರೆದಾಗ ಯಾರು ಇರ್ತಾರ?" ಅಂತ ಭಾಗಮ್ಮ ಕೇಳಿದಳು.

"ಯಾರೂ ಇಲ್ಲ" ಅಂದಳು ಶಿವರಂಜನಿ. "ಸಂಜಿಮುಂದ ಹೇಳ್ತಾರ, ಕೇಳ್ರಿ. ನಗಬ್ಯಾಡ್ರಿ ಮತ್ತ."

ಸಂಜೆ ಬೆಂಕಿಯ ಸುತ್ತ ಕೂತಾಗ ಸಿದ್ಧಲಿಂಗ ಮಾಸ್ತರರು ಕಥೆ ಹೇಳಿದರು. ಬಳಗವನ್ನು ಕಟ್ಟಿದವರು ಶಹಾಬಾದಿನ ಕ್ಯಾಪ್ಟನ್ ಮಜೀದಸಾಬರು. ಬಹಳ ವರ್ಷದ ಹಿಂದೆ, ಇದೇ ತೋಪಿನಲ್ಲಿ, ಒಂದು ಬೆಳಗ್ಗೆ ಬಕೀಟು ಹಿಡಿದು ಹಳ್ಳಕ್ಕೆ ನೀರು ತರಲು ಹೋದರು. ಮರಳಲಿಲ್ಲ. ಹುಡುಕಿಕೊಂಡು ಹೋದವರಿಗೆ ದಂಡೆಯ ಮೇಲೆ ಬಕೀಟು ಸಿಕ್ಕಿತು, ಅಂಚಿನ ತನಕ ನೀರು, ಒಂದು ಹನಿ ಚೆಲ್ಲಿರಲಿಲ್ಲ. ಪಕ್ಕದಲ್ಲಿ ಕರಡಿಯ ಹೆಜ್ಜೆ. ಬಂದ ಹೆಜ್ಜೆಗಳಿದ್ದವು, ಹೋದ ಹೆಜ್ಜೆಗಳಿರಲಿಲ್ಲ. ಇಲ್ಲಿಗೆ ಬಂದಾಗ ಮಾಸ್ತರರು ಮಾತು ನಿಲ್ಲಿಸಿ ಬೆಂಕಿಯನ್ನು ದಿಟ್ಟಿಸಿದರು. ಪ್ರತಿ ವರ್ಷ ಇಲ್ಲಿಯೇ ನಿಲ್ಲಿಸುತ್ತಾರಂತೆ.

ಸಾಬರು ಏನಾದರು ಎಂಬುದರಲ್ಲಿ ಮಾತ್ರ ಬಳಗದಲ್ಲಿ ಎರಡು ಪಂಗಡ. ಲಿಂಗಾಯತರು ಅವರು ಕಾಡಿನಲ್ಲಿ ಐಕ್ಯರಾದರು ಎನ್ನುವರು, ಮುಸಲ್ಮಾನರು ಗಾಯಬ್ ಆದರು ಎನ್ನುವರು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆ ಇಟ್ಟುಕೊಂಡ ನಯೀಮ ಮಾತ್ರ ಸಾಬರು ಕರಡಿಗೆ ಗಂಟು ಹಾಕುವುದನ್ನು ಕಲಿಸುತ್ತ ಇಂದಿಗೂ ಅಲ್ಲೇ ಇದ್ದಾರೆ ಎನ್ನುತ್ತಿದ್ದ. ನವಿಲು ಕೂಗಿದರೆ ಅದು ಸಾಬರ ಸೀಟಿ ಎಂಬುದರಲ್ಲಿ ಎಲ್ಲರಿಗೂ ಒಮ್ಮತ.

ಆಮೇಲೆ ಬಳಗದ ಕೂಗು. ಎಲ್ಲರೂ ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟು ಕೂಗಿದರು:

"ಬೇಲಿ ನೋಡೊ, ಬೇಲಿ ನೋಡೊ, ತಳದಾಗಿಂದ ನೋಡೊ."

ಇದರ ಅರ್ಥವೇನೆಂದು ಭಾಗಮ್ಮ ಕೇಳಿದಳು. ಕೇಳಬಾರದಿತ್ತು. ಬೇಲಿಯೆಂದರೆ ಸಂಸಾರದ ಬೇಲಿ, ಜಾತಿಯ ಬೇಲಿ, ನಾನು ನನ್ನದು ಎಂಬ ಬೇಲಿ. ಅದನ್ನು ಮೇಲಿನಿಂದ ನೋಡಿದರೆ ತಿಳಿಯದು, ಬೇರಿನ ತನಕ ಇಳಿದು ತಳದಿಂದ ನೋಡಬೇಕು. ಇದು ಸಾಬರು ಕೊಟ್ಟುಹೋದ ಮಂತ್ರ ಎಂದು ಮಾಸ್ತರರು ಬೆಂಕಿ ಆರುವ ತನಕ ವಿವರಿಸಿದರು. ಇದರ ಮೇಲೆ ಅವರು ಕಲಬುರಗಿಯಲ್ಲಿ ಒಂದು ಉಪನ್ಯಾಸವನ್ನೂ ಕೊಟ್ಟಿದ್ದರಂತೆ.

ಮರುದಿನ ಬೆಳಗ್ಗೆ ಹೊಸಬಳೆಂದು ಭಾಗಮ್ಮನಿಗೆ ಒಂದು ಶಾಸ್ತ್ರವಿತ್ತು. ಚಹಾದ ಲೋಟ ಹಿಡಿದು ಖಾಲಿ ಡೇರೆಯ ಮುಂದೆ ನಿಂತು "ಸಾಬ್ರ, ಚಾ ಆರಾಕತ್ತದ್ರಿ" ಅಂತ ಕರೆಯಬೇಕು. ಉತ್ತರ ಬರುವ ತನಕ ಕಾಯಬೇಕು. ಉತ್ತರ ಬರುವುದಿಲ್ಲವಾದ್ದರಿಂದ ಚಹಾ ನಿಜವಾಗಿಯೂ ಆರಿದ ಮೇಲೆ ಅದನ್ನು ತಾನೇ ಕುಡಿಯಬೇಕು. ಭಾಗಮ್ಮ ಹಾಗೇ ಮಾಡಿದಳು. ಕೆನೆಗಟ್ಟಿದ ತಣ್ಣನೆಯ ಚಹಾದಿಂದ ತನಗೆ ಏನಾದರೂ ಅರಿವು ಮೂಡೀತೇನೋ ಎಂದು ನೋಡಿದಳು. ತುಟಿಗೆ ಕೆನೆ ಅಂಟಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಖಾರಬ್ಯಾಳಿ. ಹಿಂದಿನ ಇರುಳು ಶಿವರಂಜನಿಯ ಮೊಣಕೈ ತಾಗಿ ತಾಗಿ ಭಾಗಮ್ಮನಿಗೆ ನಿದ್ದೆಯಾಗಿರಲಿಲ್ಲ. ಹೆಂಗಸರ ಡೇರೆ ಬಿಸಿಲಿಗೆ ಹಂಚಿನಂತೆ ಕಾದಿತ್ತು. ಸಾಬರ ಡೇರೆ ಮಾವಿನ ನೆರಳಲ್ಲಿ ತಣ್ಣಗೆ ನಿಂತಿತ್ತು. ಭಾಗಮ್ಮ ಅತ್ತಿತ್ತ ನೋಡಿದಳು, ಬಕೀಟು ಸರಿಸಿ ಒಳಗೆ ಹೋದಳು, ಸ್ಕಾರ್ಫನ್ನು ಮಡಚಿ ತಲೆಗಿಟ್ಟುಕೊಂಡು ಮಲಗಿದಳು. ಆಮೇಲಿನ ಕಥೆ ಆಕೆಗೆ ತಿಳಿಯದು. ಎಚ್ಚರವಾಗುವ ತನಕದ್ದು ನಯೀಮ ಹೇಳಿದ್ದು.

ಹೊತ್ತು ಮುಳುಗುವ ಮುಂದೆ ಮಾಸ್ತರರು ಎಂದಿನಂತೆ ಊದಿನಕಡ್ಡಿ ಹಿಡಿದು ಸಾಬರ ಡೇರೆಗೆ ಬಂದರು. ಒಳಗಿನಿಂದ ಗೊರಕೆ ಕೇಳಿಸಿತು. ಸಣ್ಣದಲ್ಲ, ಮಷಿನ್ನು ತುಳಿಯುವ ಹೆಣ್ಣಿನ ಗೊರಕೆಗೂ ಒಂದು ಲಯವಿರುತ್ತದೆ. ಮಾಸ್ತರರು ಅಲ್ಲೇ ನಿಂತರು. ಕಡ್ಡಿಯ ಬೂದಿ ಕಾಲ ಮೇಲೆ ಉದುರಿತು. ಪಾತ್ರೆ ತೊಳೆಯುತ್ತಿದ್ದ ನಯೀಮನನ್ನು ಸನ್ನೆ ಮಾಡಿ ಕರೆದರು.

"ಕೇಳ್ಲಿಕತ್ತದೇನು?" ಅಂತ ಪಿಸುಗುಟ್ಟಿದರು.

"ಕೇಳ್ಲಿಕತ್ತದ್ರಿ ಸರ. ಕರಡಿ ಇರಬೌದು."

"ಕರಡಿ ಅಲ್ಲಪಾ. ಸಾಬ್ರು ಬಂದಾರ." ಮಾಸ್ತರರ ಕಣ್ಣಲ್ಲಿ ನೀರು ಬಂತಂತೆ. ಕೈಮುಗಿದು, ಕುತ್ತಿಗೆ ಬಗ್ಗಿಸಿ, ಮೆಲ್ಲಗೆ ಕರೆದರು: "ಸಾಬ್ರ..."

ಗೊರಕೆ ನಿಂತಿತು. "ಯಾರ್ರೀ ಅದು?" ಅಂತ ಒಳಗಿನಿಂದ ದನಿ ಬಂತು. "ಜರಾ ಮಲಗಲಿಕ್ಕೂ ಬಿಡಂಗಿಲ್ಲ ಈ ಮಂದಿ."

ಮಾಸ್ತರರು ಹಿಂದಕ್ಕೆ ಹಾರಿದರು. ಊದಿನಕಡ್ಡಿ ಧೋತರಕ್ಕೆ ತಾಗಿ ಸಣ್ಣದೊಂದು ತೂತಾಯಿತು. ಆ ತೂತಿಗೆ ಆಮೇಲೆ ರಫು ಮಾಡಿದವಳೂ ಭಾಗಮ್ಮನೇ.

ಅಂದು ಬೆಂಕಿಯ ಸುತ್ತ ಕಥೆಯಿಲ್ಲ, ವಿಚಾರಣೆ. ಇಷ್ಟು ವರ್ಷದಲ್ಲಿ ಯಾರೂ ಕಾಲಿಡದ ಜಾಗ, ಬಳಗದ ಪರಂಪರೆ, ಹೊಸಬರಿಗೆ ಭಯಭಕ್ತಿ ಇಲ್ಲ ಎಂದು ಹಿರಿಯರು ಒಬ್ಬೊಬ್ಬರಾಗಿ ಮಾತಾಡಿದರು. ಭಾಗಮ್ಮ ಎದ್ದು ನಿಂತಳು.

"ಸಾಬ್ರಿಗಿ ನನ್ನಿಂದ ಏನ್ ತ್ರಾಸ ಆಗ್ಯದ? ಡೇರೆ ಖಾಲಿ ಇತ್ತು. ನಾವು ನಾಕ್ ಮಂದಿ ಒಂದ್ರಾಗ ಉಪ್ಪಿನಕಾಯಿ ಇಟ್ಟಂಗ ಮಲಗೀವಿ. ಸಾಬ್ರು ಇಲ್ಲೇ ಇದ್ದಿದ್ರ ಅವ್ರೇ ಎದ್ದು ಜಾಗ ಕೊಡ್ತಿದ್ರು. ಅಂಥಾ ದೊಡ್ಡ ಮನಿಷ್ಯಾ ಅಂತ ನೀವೇ ಹೇಳೀರಿ."

ಇದು ಸರಿಯೆಂದು ಎಲ್ಲರಿಗೂ ಅನಿಸಿತು, ಹಾಗಾಗಿ ಶಿಕ್ಷೆ ಕೊಟ್ಟರು. ಶಿಬಿರ ಮುಗಿಯುವ ತನಕ ಎಲ್ಲರ ಪಾತ್ರೆಗಳನ್ನೂ ಆಕೆಯೇ ತೊಳೆಯಬೇಕು. ಶಿವರಂಜನಿ ನಕ್ಕದ್ದಕ್ಕೆ ಆಕೆಗೂ ಅದೇ ಶಿಕ್ಷೆ ಸಿಕ್ಕಿತು. ಹಳ್ಳದ ದಂಡೆಯಲ್ಲಿ ಇಬ್ಬರೂ ಕೂತು ಬೂದಿ ಹಚ್ಚಿ ತಿಕ್ಕುವಾಗ ಶಿವರಂಜನಿ ಕೇಳಿದಳು, "ನಿದ್ದಿ ಹೆಂಗ ಬಂತು?" ಭಾಗಮ್ಮ "ಛಲೋ ಬಂತವಾ. ಜಾಗ ಛಲೋ ಅದ" ಅಂದಳು. ಹೊರಗೆ ನಕ್ಕರೂ ಆಕೆಗೆ ಒಳಗೆ ಉರಿಯುತ್ತಿತ್ತು. ಮನೆಯಲ್ಲಿ ತಿಕ್ಕಿದ ಪಾತ್ರೆ ಸಾಲದೆಂದು ಕಾಡಿಗೆ ಬಂದು ತಿಕ್ಕುವುದೇ? ಅದೂ ಯಾರೂ ನೋಡದ ಒಬ್ಬ ಸಾಬರ ಸಲುವಾಗಿ?

ಮಳೆಗಾಲದಲ್ಲಿ ತಂಗಿಯ ಬಸುರಿ ಮಗಳ ಕುಬಸದ ಕಾರ್ಯಕ್ಕೆಂದು ಭಾಗಮ್ಮ ತಾಂಡೂರಿಗೆ ಹೋದಳು. ವಾಡಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿದರೆ ಸೇಡಂ ದಾಟಿ ತೆಲುಗು ಕಿವಿಗೆ ಬೀಳುವಷ್ಟರಲ್ಲಿ ತಾಂಡೂರು. ಕಾರ್ಯ ಮುಗಿಸಿ ಮರಳುವಾಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಉಳಿದ ಸ್ಕಾರ್ಫ್ ಬಟ್ಟೆಯಲ್ಲಿ ಹೊಲಿದುಕೊಂಡ ಚೀಲ ತೊಡೆಯ ಮೇಲಿತ್ತು. ಅದರ ಮೇಲೆ ಬಳಗದ ಗುರುತು. ಪಕ್ಕದಲ್ಲಿ ಕೂತ ಒಬ್ಬ ಮುದುಕ ಆ ಚೀಲವನ್ನೇ ನೋಡುತ್ತಿದ್ದ. ತೆಳ್ಳನೆಯ ಮೈ, ಬಿಳಿ ಟೋಪಿ, ಕಟ್ಟಿಸಿಕೊಂಡ ಹಲ್ಲು ಸ್ವಲ್ಪ ಸಡಿಲ.

"ಅದು ಕಾಗಿಣಾದ್ದೇನು?" ಅಂದ.

"ಹೌದ್ರಿ ಕಾಕಾ."

"ಇನ್ನೂ ನಡಸ್ಯಾರ? ಯಾ ಅಲ್ಲಾ." ಮುದುಕ ನಗುತ್ತ ಎಡಗೈ ಚಾಚಿದ.

ಭಾಗಮ್ಮ ಚೀಲ ಪಕ್ಕಕ್ಕಿಟ್ಟಳು. ಎಡಗೈ ಕೊಟ್ಟು, "ನೀವು ಯಾರ್ರಿ?" ಅಂದಳು.

"ನಾ ಮಜೀದ. ಮೊದಲ ಶಹಾಬಾದಿನ್ಯಾಗಿದ್ದೆ. ಈಗ ಇಲ್ಲೇ ಮಿಕ್ಸರು-ಫ್ಯಾನು ರಿಪೇರಿ ಅಂಗಡಿ."

ಗಾಡಿ ಬಂತು. ಭಾಗಮ್ಮ ಹತ್ತಲಿಲ್ಲ.

"ಕಾಕಾ," ಅಂದಳು, "ನೀವು ಕಾಡಿನ್ಯಾಗ ನೀರಿಗಿ ಹೋಗಿ ತಿರುಗಿ ಬರಲಿಲ್ಲಂತಲ್ಲ?"

"ಹೌದಲ್ಲ" ಅಂದ ಮಜೀದಸಾಬ ಬಹಳ ಸಹಜವಾಗಿ. "ಮೂರ್ ದಿನದಿಂದ ಬರೇ ಉಪ್ಪಿಟ್ಟು ಮಾಡಿದ್ರವ್ವಾ. ನಾಕನೇ ದಿನಾನೂ ರವಾ ಹುರಿಯೋ ವಾಸನಿ ಬಂತು. ಬಕೀಟು ಹಿಡ್ಕೊಂಡು ನೀರಿಗಂತ ಹೊಂಟೆ. ರೋಡಿನ್ಯಾಗ ಒಂದ್ ಲಾರಿ ನಿಂತಿತ್ತು, ಡ್ರೈವರ್ ಗುರ್ತಿನಾವ. ತಾಂಡೂರಿಗಿ ಹೊಂಟೀನಿ ಅಂದ. ಇಲ್ಲಿ ನನ್ನ ಹೆಂಡ್ತಿ ತವರುಮನಿ. ಅತ್ತಿ ಕೈಯಿನ ಖುಷ್ಕಾ ಅನ್ನ ನೆನಪಾಯ್ತು. ಬಕೀಟು ಸಮೇತ ಹತ್ತೇ ಬಿಟ್ಟೆ."

"ಹೇಳದೇ ಬಂದ್ರೇನು?"

"ಮರುದಿನಾನೇ ಹೇಳಿ ಕಳಸೀನಿ. ಎಲ್ಲಾರೂ ನಕ್ಕಾರ. ಆಮ್ಯಾಲ ಮೈದುನ ಇಲ್ಲೇ ಅಂಗಡಿ ಹಾಕಮು ಅಂದ, ಉಳದೆ. ಯಾರರ ಕೆಲಸಾ ತಪ್ಪಿಸಿದ್ರ 'ಮಜೀದನಂಗ ನೀರಿಗಿ ಹೋಗ್ಯಾನ' ಅಂತಿದ್ರಂತ. ಆಗಿನ ಮಂದಿ ಈಗ ಯಾರೂ ಇಲ್ಲ ಬಿಡು. ಒಬ್ಬೊಬ್ರೇ ಹೋದ್ರು."

ಭಾಗಮ್ಮನಿಗೆ ಆಗ ಎಲ್ಲವೂ ತಿಳಿಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ನಗೆಯ ಮಾತೊಂದಕ್ಕೆ ನಕ್ಕವರು ತೀರಿಹೋಗಿದ್ದರು, ಆಮೇಲೆ ಬಂದವರಿಗೆ ಮಾತು ಉಳಿದಿತ್ತು, ನಗೆ ಉಳಿದಿರಲಿಲ್ಲ. ಆಕೆ ಡೇರೆಯ ವಿಷಯ, ಬಕೀಟಿನ ವಿಷಯ, ಕರಡಿಯ ವಿಷಯ ಎಲ್ಲ ಹೇಳಿದಳು. ಮಜೀದಸಾಬ ಬಾಯಿ ತೆರೆದುಕೊಂಡು ಕೇಳಿದ.

"ನಾ ಕ್ಯಾಪ್ಟನ್ ಅಲ್ಲ," ಅಂದ ಕೊನೆಗೆ. "ಕಾರ್ಖಾನಿ ಕ್ರಿಕೆಟ್ ಟೀಮಿನ್ಯಾಗ ಒಂದ್ ಸಲ ಮಾಡಿದ್ರು. ಬಳಗಾನೂ ನಾ ಕಟ್ಟಿಲ್ಲ." ಟೋಪಿ ಸರಿಮಾಡಿಕೊಂಡು, "ದಿನಾ ಊದಿನಕಡ್ಡಿ ಹಚ್ತಾರೇನು?" ಅಂದ.

"ದಿನಾ ಸಂಜಿಮುಂದ."

"ಯಾವ ಕಂಪನಿದು?"

"ಮಲ್ಲಿಗಿ ವಾಸನಿದು."

"ಛಲೋ ಅದ" ಅಂತ ಸಾಬ ತಲೆದೂಗಿದ. ಮನೆಯಲ್ಲಿ ಸೊಸೆ ತನಗೆ ಚಹಾ ಕೊಡುವುದನ್ನೇ ಮರೆಯುತ್ತಾಳೆ, ಅಲ್ಲಿ ಬಾಗಿಲಿಗೆ ನಿಂತು ಚಹಾಕ್ಕೆ ಕರೆಯುತ್ತಾರೆ ಎಂಬುದು ಅವನ ಮನಸ್ಸಿಗೆ ತಟ್ಟಿದಂತಿತ್ತು.

ವಾಡಿಗೆ ಬಂದು ಪೀರಪ್ಪನಿಗೆ ಹೇಳಿದಾಗ ಅವನು, "ಬಾಯಿ ಮುಚ್ಕೊಂಡಿರು. ಮುದುಕನ್ನ ಕರ್ಕೊಂಡು ಹೋಗಿ ಮಂದಿ ಮುಂದ ನಿಂದ್ರಸಿ ಏನ್ ಗಳಸ್ತಿ?" ಅಂದ. ಭಾಗಮ್ಮನಿಗೂ ಅದು ಹೊಳೆಯದೆ ಇರಲಿಲ್ಲ. ಆದರೆ ಬೂದಿ ಹಚ್ಚಿ ತಿಕ್ಕಿದ ದೊಡ್ಡ ಪಾತೇಲಿಗಳು ಕಣ್ಣಮುಂದೆ ಬಂದವು. ಸಿದ್ಧಲಿಂಗ ಮಾಸ್ತರರ ಮುಖ ಆಗ ಹೇಗಾಗುತ್ತದೆ ಎಂದು ನೋಡಲೇಬೇಕು ಅನಿಸಿತು. ಒಳ್ಳೆಯ ಉದ್ದೇಶವೇನೂ ಆಕೆಗಿರಲಿಲ್ಲ.

ಮುಂದಿನ ಶಿಬಿರಕ್ಕೆ ಎಲ್ಲರೂ ಮುಟ್ಟಿದ ಮೇಲೆ, ಮಧ್ಯಾಹ್ನದ ಬಸ್ಸಿಗೆ ಭಾಗಮ್ಮ ಮಜೀದಸಾಬನನ್ನು ಕರೆದುಕೊಂಡು ಬಂದಳು. ಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಕೈಯಲ್ಲಿ ಒಂದು ಜಸ್ತದ ಬಕೀಟು. ಬುಡ ಸವೆದಿತ್ತು, ಹಿಡಿಕೆ ಗಟ್ಟಿಯಾಗಿತ್ತು.

"ಇವ್ರು ಮಜೀದಸಾಬ್ರು" ಅಂದಳು ಭಾಗಮ್ಮ. "ನೀರು ತಗೊಂಡು ಬಂದಾರ."

ನಯೀಮ ಮೊದಲು ಹತ್ತಿರ ಬಂದು ಸಾಬನ ಭುಜ ಮುಟ್ಟಿ ನೋಡಿದ. ಮೈ ಬೆಚ್ಚಗಿತ್ತು. ಡೇರೆಯ ಹಗ್ಗ ಕಟ್ಟುತ್ತಿದ್ದ ಸಿದ್ಧಲಿಂಗ ಮಾಸ್ತರರು ಹಗ್ಗ ಬಿಟ್ಟರು; ಡೇರೆ ಒಂದು ಕಡೆಯಿಂದ ಮೆಲ್ಲಗೆ ಕುಸಿಯಿತು. ಮಜೀದಸಾಬ ಬಾಗಿಲ ಬಳಿ ತೂಗುಹಾಕಲೆಂದು ಇಟ್ಟಿದ್ದ ತಗಡಿನ ಬಕೀಟನ್ನು ಎತ್ತಿ ತಿರುಗಿಸಿ ನೋಡಿದ.

"ಇದು ನನ್ದಲ್ಲ" ಅಂದ. "ಇದು ಪಾಯಖಾನಿಗಿ ಇಟ್ಟಿದ್ದು. ನೋಡ್ರಿ, ಬುಡದಾಗ ಪ ಅಂತ ಬರದದ. ನಾನೇ ಬರದಿದ್ದೆ."

ಇಷ್ಟು ವರ್ಷ ಅದಕ್ಕೆ ಹೂವಿನ ಹಾರ ಹಾಕಿದವರು ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಆ ಪ ಎಂಬುದು ಪರಂಪರೆಯ ಪ ಎಂದು ಮಾಸ್ತರರು ಹಿಂದೊಮ್ಮೆ ವಿವರಿಸಿದ್ದನ್ನು ನೆನಪಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಮಾಸ್ತರರು ಸೋಲಲಿಲ್ಲ. "ನೀವು ಅವ್ರೇ ಅಂದ್ರ ಬಳಗದ ಕೂಗು ಹೇಳ್ರಿ" ಅಂದರು.

ಮಜೀದಸಾಬ ಹಲ್ಲು ಸರಿಮಾಡಿಕೊಂಡು, ಊಟದ ಸಾಲಿನಲ್ಲಿ ಕೂತವನಂತೆ ಕೈ ಮುಂದೆ ಚಾಚಿ ಕೂಗಿದ:

"ಬ್ಯಾಳಿ ನೀಡೊ, ಬ್ಯಾಳಿ ನೀಡೊ, ತಳದಾಗಿಂದ ನೀಡೊ."

ಸಾಬ ತಾನಾಗಿಯೇ ವಿವರಿಸಿದ. "ಆವಾಗ ಬಡಿಸಾವ ಒಬ್ಬ ಇದ್ದ. ಮ್ಯಾಲಿನ ತಿಳಿನೀರಷ್ಟೇ ನೀಡ್ತಿದ್ದ, ಗಟ್ಟಿ ಬ್ಯಾಳಿ ತಳದಾಗ ತನಗ ಉಳಿಸ್ಕೊಂತಿದ್ದ. ಅದಕ್ಕ ನಾವು ಚಮಚದಿಂದ ತಾಟು ಬಡದು ಕೂಗ್ತಿದ್ದೆವು."

ಮೊದಲು ಶಿವರಂಜನಿಯ ಬಾಯಿಂದ ಒಂದು ಸದ್ದು ಹೊರಟಿತು. ಆಮೇಲೆ ನಯೀಮ ನೆಲಕ್ಕೆ ಕೂತ. ತೊಗರಿಯ ನಾಡಿನವರಿಗೆ ಬ್ಯಾಳಿಗಿಂತ ದೊಡ್ಡ ಮಂತ್ರ ಇನ್ನೇನಿದೆ ಎಂದು ಯಾರೋ ಹೇಳಿದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರೊಬ್ಬರೇ ನಗಲಿಲ್ಲ. ಭಾಗಮ್ಮ ಅವರ ಮುಖ ನೋಡಿದಳು. ಅದನ್ನು ನೋಡಲೆಂದೇ ಅಷ್ಟು ದೂರ ಮುದುಕನನ್ನು ಕರೆತಂದಿದ್ದಳು. ಈಗ ನೋಡಿದರೆ ಆಕೆಗೆ ಅಂದುಕೊಂಡಷ್ಟು ಸಂತೋಷವಾಗಲಿಲ್ಲ.

ಸಂಜೆ ಸಾಬ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಬಂತು. ಸಾಬ ಚೀಲ ಎತ್ತಿಕೊಂಡು ನೆಟ್ಟಗೆ ತನ್ನ ಡೇರೆಗೆ ಹೊರಟ. ಮಾಸ್ತರರು ಅಡ್ಡ ನಿಂತರು.

"ಅಲ್ಲಿ ಬ್ಯಾಡ್ರಿ. ಅದು ಸಾಬ್ರದು."

"ನಾನೇ ಅಲ್ಲೇನ್ರಿ ಸಾಬ?"

"ನೀವು ಸಾಬ್ರು ಖರೆ" ಅಂದರು ಮಾಸ್ತರರು ಕಷ್ಟಪಟ್ಟು. "ಆದ್ರ ಆ ಸಾಬ್ರಲ್ಲ."

ಮಜೀದಸಾಬ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. "ಅದೂ ಖರೇನೇ" ಅಂತ ಒಪ್ಪಿ, ಅಡುಗೆಯ ಉಸ್ತುವಾರಿ ಹೊತ್ತ ನಯೀಮನ ಡೇರೆಯಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ಹಾಸಿಗೆ ಬಿಚ್ಚಿದ. ಭಾಗಮ್ಮನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಕ್ಷಮೆ ಕೇಳಲು ಹೋದರೆ ಸಾಬ ನಯೀಮನಿಗೆ ಖಾರಬ್ಯಾಳಿಗೆ ಹುಣಸೆ ಯಾವಾಗ ಬಿಡಬೇಕೆಂದು ಹೇಳುತ್ತ ಖುಷಿಯಾಗಿ ಕೂತಿದ್ದ. "ನೀ ಯಾಕ ಮಾರಿ ಸಣ್ಣ ಮಾಡ್ತಿ ಅವ್ವಾ? ನನ್ನ ಮನ್ಯಾಗೂ ನನಗ ಕೋಣಿ ಇಲ್ಲ" ಅಂದ.

ಮರುದಿನ ಬೆಳಗ್ಗೆ ಹೊಸಬರು ಕರೆಯುವ ಶಾಸ್ತ್ರ. ಆ ವರ್ಷ ಹೊಸಬರು ಯಾರೂ ಇರಲಿಲ್ಲ. "ನಾ ಇದ್ದೀನಲ್ಲ" ಅಂತ ಮಜೀದಸಾಬ ಲೋಟ ತೆಗೆದುಕೊಂಡ. ಎಲ್ಲರೂ ಸಾಲಾಗಿ ನಿಂತರು. ಸಾಬ ತನ್ನ ಡೇರೆಯ ಮುಂದೆ ನೆಟ್ಟಗೆ ನಿಂತು, "ಸಾಬ್ರ, ಚಾ ಆರಾಕತ್ತದ್ರಿ" ಅಂತ ಕರೆದ. ಕಿವಿ ಕೊಟ್ಟು ಕಾದ. ಎರಡನೆಯ ಸಲ ಕರೆದ. ಆಮೇಲೆ ಎಲ್ಲರ ಕಡೆ ತಿರುಗಿ, "ಇಲ್ರಿ, ಲಾರಿ ಹತ್ತಿ ಹೋಗ್ಯಾರ" ಅಂತ ಹೇಳಿ, ಚಹಾ ಬಿಸಿಯಿರುವಾಗಲೇ ಸೊರಸೊರ ಕುಡಿದುಬಿಟ್ಟ. ಬಳಗದ ಇತಿಹಾಸದಲ್ಲಿ ಆ ಲೋಟದಲ್ಲಿ ಬಿಸಿ ಚಹಾ ಕುಡಿದವನು ಅವನೊಬ್ಬನೇ.

ನಗು ಇನ್ನೂ ನಿಂತಿರಲಿಲ್ಲ, ಮಾಸ್ತರರು ಹಳ್ಳದ ಕಡೆ ಹೊರಟುಹೋದರು. ಭಾಗಮ್ಮ ಹಿಂದೆಯೇ ಹೋದಳು. ಅವರು ಒಂದು ಬಂಡೆಯ ಮೇಲೆ ಕೂತಿದ್ದರು. ಹೊಟ್ಟೆ, ಗಾಂಭೀರ್ಯ ಎರಡೂ ಸ್ವಲ್ಪ ಇಳಿದಂತಿದ್ದವು.

"ನನ್ನ ಮ್ಯಾಲ ಸಿಟ್ಟೇನ್ರಿ ಸರ?" ಅಂದಳು.

"ಸಿಟ್ಟಲ್ಲವಾ." ಮಾಸ್ತರರು ನೀರಿಗೆ ಒಂದು ಕಲ್ಲು ಒಗೆದರು. "ನಮ್ಮಾಕಿ ತೀರಿಕೊಂಡ ವರ್ಷಾನೇ ನಾ ಬಳಗಕ್ಕ ಬಂದೆ. ಮನ್ಯಾಗ ಆಕಿ ಕುಂದ್ರೋ ಕುರ್ಚಿ ಮರುದಿನಾನೇ ಯಾರೋ ಎತ್ತಿ ಒಳಗಿಟ್ಟಿದ್ರು. ಇಲ್ಲಿ ಬಂದ್ರ, ಹೋದವನಿಗಿ ಮಂದಿ ಒಂದ್ ಡೇರೆ ಇಟ್ಟಾರ, ಚಾ ಇಟ್ಟಾರ. ನನಗ ಭಾಳ ಛಲೋ ಅನಸ್ತು. ಅವ ಉಪ್ಪಿಟ್ಟಿಗಿ ಬ್ಯಾಸತ್ತು ಹೋಗ್ಯಾನಂದ್ರ ನಾ ಏನ್ ಮಾಡ್ಲಿ ಹೇಳು."

ಭಾಗಮ್ಮ ಪಕ್ಕದ ಬಂಡೆಯ ಮೇಲೆ ಕೂತಳು. ಹೊಲಿಗೆಯವಳಿಗೆ ಹೊಳೆದದ್ದನ್ನೇ ಹೇಳಿದಳು. "ಸರ, ಹೋದವ್ರಿಗಿ ಜಾಗ ಇಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಅಳತಿ ಕಮ್ಮಿ ಮಾಡ್ರಿ. ಅವ್ರು ಕಾಲು ಚಾಚಂಗಿಲ್ಲ. ಶಿವರಂಜನಿ ಚಾಚ್ತಾಳ."

ಮಾಸ್ತರರು ಇನ್ನೊಂದು ಕಲ್ಲು ಒಗೆದು ಒಂದು ಸಲ ನಕ್ಕರು. ಮೀಸೆಯೊಳಗೇ, ಆದರೆ ನಕ್ಕರು.

ಅಂದು ಮಧ್ಯಾಹ್ನ ಭಾಗಮ್ಮ ಸೂಜಿ-ದಾರ ತೆಗೆದು, ಹರಿದ ಡೇರೆಯ ಬಟ್ಟೆಯಲ್ಲಿ ಒಂದು ಪುಟ್ಟ ಡೇರೆ ಹೊಲಿದಳು. ಕೋಳಿಯೊಂದು ಕೂರುವಷ್ಟು. ಬಾಗಿಲು, ಗುಂಡಿ, ಹಗ್ಗ ಎಲ್ಲ ಇತ್ತು. ಮಾಸ್ತರರು ಅದರ ಮೇಲೆ ಬಣ್ಣದಿಂದ ಬಳಗದ ಗುರುತು ಬರೆದರು; ಎಷ್ಟಾದರೂ ಡ್ರಾಯಿಂಗ್ ಮಾಸ್ತರರು. ಅದನ್ನು ಮಾವಿನ ಬುಡದಲ್ಲಿ ಕಟ್ಟಿದರು. ಮಜೀದಸಾಬ ಬಗ್ಗಿ ಒಳಗೆ ಇಣುಕಿ, "ಗಾಳಿ ಛಲೋ ಬರ್ತದ" ಅಂದ. ದೊಡ್ಡ ಡೇರೆಗೆ ಹೆಂಗಸರು ಸಾಮಾನು ಸಾಗಿಸಿದರು. ಬೆಂಕಿಯ ಮುಂದೆ ಯಾವ ಕೂಗು ಕೂಗಬೇಕೆಂದು ಜಗಳವಾಗಿ, ಕೊನೆಗೆ ಊಟಕ್ಕೆ ಮುಂಚೆ ಬ್ಯಾಳಿ, ಊಟವಾದ ಮೇಲೆ ಬೇಲಿ ಎಂದು ತೀರ್ಮಾನವಾಯಿತು. ಹಸಿದಾಗ ವೇದಾಂತ ಬೇಡ ಎಂಬುದನ್ನು ಮಾಸ್ತರರೂ ಒಪ್ಪಿದರು.

ಮಜೀದಸಾಬ ಈಗ ಪ್ರತಿ ವರ್ಷ ಬರುತ್ತಾನೆ. ಉಪ್ಪಿಟ್ಟು ಮಾಡುವ ದಿನ ಅವನ ಮೇಲೆ ಒಬ್ಬರು ಕಣ್ಣಿಟ್ಟಿರುತ್ತಾರೆ. ಬಳಗದ ಹೆಂಗಸರ ಸಂಖ್ಯೆ ಏರಿದೆ. ಮಾಸ್ತರರು ಅವರಿಗೆ ಭಾಗಮ್ಮನನ್ನೇ ಮುಖ್ಯಸ್ಥೆ ಮಾಡಿದರು. ಅಂಗಡಿಯಲ್ಲಿ ಮಷಿನ್ನಿನ ಮುಖವನ್ನು ಆಕೆ ರಸ್ತೆಗೆ ತಿರುಗಿಸಿದ್ದಾಳೆ. ಪೀರಪ್ಪ ಶಿಬಿರದ ದಿನಗಳಲ್ಲಿ ತಾನೇ ಅನ್ನ ಬೇಯಿಸಿಕೊಂಡು, ಗಾಡಿಗಳ ಜೊತೆ ಅನ್ನಕ್ಕೂ ಬೈಯುತ್ತಾನೆ.

ಕಳೆದ ತಿಂಗಳು ಭಾಗಮ್ಮ ಸೇಡಂ ಕಡೆಯ ಆಡಕಿಗೆ ಹೋಗಿದ್ದಳು. ಅಲ್ಲಿಯ ಹೆಂಗಸರು ಒಂದು ಗುಂಪು ಕಟ್ಟುತ್ತೇವೆ ಅಂದಿದ್ದರು. ಅಂಗಳದಲ್ಲಿ ಕೂತು ಎಲ್ಲ ಕೇಳಿದ ಮೇಲೆ ಅಂಬಿಕಾ ಎಂಬ ಅಂಗನವಾಡಿ ಟೀಚರು ಸ್ಕಾರ್ಫಿನ ಅಂಚುಗಳನ್ನು ತಿರುಗಿಸಿ ನೋಡಿದಳು.

"ಇದಕ್ಕ ದಡಿ ಇಲ್ಲಲ್ರೀ ಅಕ್ಕಾ."

"ಸ್ಕೌಟಿಂದು ಹಿಂಗೇ ಇರ್ತದವಾ. ನೇಮ ಅದ."

"ದಡಿ ಇಲ್ಲದ ಅರಿವಿ ಕೊರಳಾಗ ಹಾಕ್ಕೊಂಡು ನಾವು ಊರಾಗ ಹೆಂಗ ಅಡ್ಡಾಡಮು?" ಅಂದಳು ಇನ್ನೊಬ್ಬಳು. "ಕೆಂಪು ದಡಿ ಹಚ್ಚಿಕೊಡ್ರಿ, ಬರ್ತೀವಿ."

ಉಳಿದವರೆಲ್ಲ ಹೌದು ಹೌದು ಅಂದರು. ಭಾಗಮ್ಮ ಸ್ಕಾರ್ಫಿನ ಅಂಚನ್ನು ಬೆರಳಲ್ಲಿ ಮಡಚಿ ನೋಡಿದಳು. ಆಮೇಲೆ ಸೆರಗಿನಿಂದ ಟೇಪು ತೆಗೆದು, ಎಷ್ಟಗಲದ ದಡಿ ಬೇಕು ಎಂದು ಕೇಳಿದಳು.